ಫ್ಲಾರೆನ್ಸಿಗೆ ಹೊರಟ ರಾಗಿಹಿಟ್ಟು

ಪ್ಲೆಸೆಂಟನ್ನಿನ ರಘೋತ್ತಮರ ಮನೆಯಲ್ಲಿ ಸತ್ಯನಾರಾಯಣ ಪೂಜೆಯಾದರೆ ಈಗಲೂ ನಾನು ಹೋಗುವುದಿಲ್ಲ. ಹೆಂಡತಿ ಜಲಜಾ ಹೋಗುತ್ತಾಳೆ, ಮಗಳು ಇಂದುವೂ ಹೋಗುತ್ತಾಳೆ. ಡಬ್ಬಿಯಲ್ಲಿ ಪ್ರಸಾದ ತಂದರೆ ತಿನ್ನುತ್ತೇನೆ. ಸಜ್ಜಿಗೆಯ ಮೇಲೆ ನನಗೆ ಸಿಟ್ಟಿಲ್ಲ, ಆ ಮನುಷ್ಯನ ಮೇಲಿದೆ. ಎಲ್ಲಾದರೂ ಎದುರಾದಾಗ ಅವರು ನನ್ನ ಹೆಗಲ ಮೇಲೆ ಕೈ ಹಾಕಿ, "ಇನ್ನೂ ಅದನ್ನೇ ಹಿಡ್ಕೊಂಡು ಕೂತಿದೀರಲ್ಲ ಹನುಮಂತರಾಯರೇ, ನಾಲ್ಕು ವರ್ಷ ಆಯ್ತು!" ಎನ್ನುತ್ತಾರೆ. ಮೊದಲು ಕೈ ತೆಗೆಯಿರಿ ಎನ್ನುತ್ತೇನೆ. ನನ್ನ ಸ್ವಂತ ವಿಷಯವಾಗಿದ್ದರೆ ಎಂದೋ ಬಿಟ್ಟುಬಿಡುತ್ತಿದ್ದೆ. ಕೆಟ್ಟುಹೋದದ್ದು ನನ್ನ ಮಾವನವರ ಕೆಲಸ.

ಮಾವ ಮುನಿಶಾಮಪ್ಪನವರು ನನ್ನ ತಾಯಿಯ ತಮ್ಮ. ಅವರ ಮಗಳನ್ನೇ ನಾನು ಮದುವೆಯಾದದ್ದು. ಆದ್ದರಿಂದ ಅಳಿಯನೆಂಬ ಮರ್ಯಾದೆ ಅವರಿಂದ ನನಗೆ ಎಂದೂ ಸಿಕ್ಕಿಲ್ಲ, ಚಿಕ್ಕಂದಿನ 'ಏನ್ಲಾ ಹನ್ಮಂತು' ಇವತ್ತಿಗೂ ನಡೆದಿದೆ. ಊರು ಬೆಂಗಳೂರಿನ ಜಾಲಹಳ್ಳಿಯ ಪಕ್ಕದ ಅಬ್ಬಿಗೆರೆ. ಹೂಕೋಸು, ಗೆಡ್ಡೆಕೋಸು, ಟೊಮೆಟೊ ಬೆಳೆದು ದಂಡಿನ ಮಾರುಕಟ್ಟೆಗೆ ಹಾಕಿಯೇ ಮಕ್ಕಳನ್ನು ಓದಿಸಿದವರು. ಜಲಜಾ ನರ್ಸ್ ಆಗಿ ಅಮೆರಿಕಕ್ಕೆ ಬಂದಳು. ಅವಳ ಹಿಂದೆ, ಯಶವಂತಪುರದಲ್ಲಿ ಲಾರಿ ರಿಪೇರಿ ಮಾಡಿಕೊಂಡಿದ್ದ ನಾನು ಬಂದೆ. ಅತ್ತೆ ತೀರಿಕೊಂಡ ಮೇಲೆ, ಎಂಬತ್ತೆರಡನೇ ಇಸವಿಯಲ್ಲಿ, ಮಾವನೂ ಸ್ಯಾನ್ ಮಟಿಯೋದ ನಮ್ಮ ಅಪಾರ್ಟ್‌ಮೆಂಟಿಗೆ ಬಂದರು.

ಬಂದವರು ಒಂದು ದಿನವೂ ಸುಮ್ಮನೆ ಕೂರಲಿಲ್ಲ. ಕಟ್ಟಡದ ಹಿಂದಿನ ಗೋಡೆಗೂ ಪಾರ್ಕಿಂಗ್ ಲಾಟಿಗೂ ನಡುವೆ ಒಂದು ಮೊಳ ಮಣ್ಣಿತ್ತು. ಅದರಲ್ಲಿ ದಂಟು, ಮೆಂತ್ಯ, ಕೊತ್ತಂಬರಿ ಎಬ್ಬಿಸಿದರು. ಮ್ಯಾನೇಜರ್ ಹೆಂಗಸು ಬೈಯಲು ಬಂದವಳು ಒಂದು ಕಟ್ಟು ಕೊತ್ತಂಬರಿ ಹಿಡಿದುಕೊಂಡು ಹೋದಳು. ಉಳಿದ ಹೊತ್ತೆಲ್ಲ ಮಾವ ಕೈ ಹಿಂದೆ ಕಟ್ಟಿ ಪಾರ್ಕಿಂಗ್ ಲಾಟಿನಲ್ಲಿ ಸುತ್ತು ಹಾಕುತ್ತಿದ್ದರು. ಸ್ಯಾನ್ ಮಟಿಯೋದ ಬೇಸಿಗೆ ಬೇಸಿಗೆಯಲ್ಲ. ಜೂನ್, ಜುಲೈನಲ್ಲೇ ಗುಡ್ಡದ ಮೇಲಿಂದ ಮಂಜು ಇಳಿದು ಕಿವಿ ಕೊರೆಯುತ್ತದೆ. ಮಾವನಿಗೆ ಮಂಕಿ ಕ್ಯಾಪು, ಎರಡು ಸ್ವೆಟರು, ಕಾಲಿಗೆ ಮಾತ್ರ ರಬ್ಬರ್ ಚಪ್ಪಲಿ. ಒಳ್ಳೆಯ ಚರ್ಮದ ಶೂ ತಂದುಕೊಡುತ್ತೇನೆಂದರೆ, "ಚರ್ಮದ್ದು ಬ್ಯಾಡ. ನಂದೊಂದು ಬಾಕಿ ಐತೆ" ಎನ್ನುತ್ತಿದ್ದರು. ಏನು ಬಾಕಿ ಎಂದರೆ ಇನ್ನೊಂದು ಸುತ್ತು ಹೊರಟುಬಿಡುತ್ತಿದ್ದರು.

ಅದು ಹೊರಬಿದ್ದದ್ದು ಎಂಬತ್ತೈದರ ವಸಂತದಲ್ಲಿ. ಇಂದುವಿಗೆ ಆಗ ಹನ್ನೆರಡು ವರ್ಷ. ಅವಳ ಬೇಸಿಗೆ ರಜಕ್ಕೆ ಎಲ್ಲರೂ ಊರಿಗೆ ಹೋಗಿಬರುವುದೆಂದು ಜಲಜಾ ಆಸ್ಪತ್ರೆಯಲ್ಲಿ ರಜೆ ಹೇಳಿದ್ದಳು. ಊಟಕ್ಕೆ ಕೂತಾಗ ಅಂದಳು:

"ಟಿಕೆಟ್‌ನವಳು ಹೇಳ್ತಿದ್ಳು, ದಾರೀಲಿ ರೋಮಲ್ಲಿ ಇಳ್ಕೊಂಡು ನಾಲ್ಕು ದಿನ ಇದ್ದು ಹೋಗ್ಬಹುದಂತೆ. ಏನಪ್ಪಾ, ರೋಮ್ ನೋಡ್ತೀಯಾ?"

ಮುದ್ದೆ ಮುರಿಯುತ್ತಿದ್ದ ಮಾವನ ಕೈ ನಿಂತಿತು.

"ಅಲ್ಲಿಂದ ಫಿರೆಂಜೆ ಎಷ್ಟು ದೂರ?"

ನಮಗೆ ಮೂವರಿಗೂ ತಿಳಿಯಲಿಲ್ಲ. ಇಂದು ಎದ್ದು ಹೋಗಿ ಶಾಲೆಯ ಅಟ್ಲಾಸು ತಂದಳು. "ಓ, ಫ್ಲಾರೆನ್ಸ್! ಟ್ರೇನಲ್ಲಿ ಹೋಗಬಹುದು, ತಾತ. ಹೌ ಡು ಯು ನೋ ಫ್ಲಾರೆನ್ಸ್?"

"ಅಲ್ಲೊಬ್ಬ ಅವ್ನೆ. ಅವನ್ನ ಉಣ್ಣಾಕೆ ಕರ್ದಿದ್ದೆ" ಎಂದರು ಮಾವ. "ಇಕ್ಕಿಲ್ಲ."

ಆಮೇಲೆ ಬಂದ ಕಥೆ ಇದು. ಯುದ್ಧದ ಕಾಲದಲ್ಲಿ ಜಾಲಹಳ್ಳಿಯಲ್ಲಿ ಇಟಲಿಯ ಕೈದಿಗಳ ಶಿಬಿರವಿತ್ತು. ಮಾವನಿಗೆ ಆಗ ಇಪ್ಪತ್ತೆರಡು ಇಪ್ಪತ್ತಮೂರು. ತರಕಾರಿ ಗಾಡಿಯನ್ನು ತಂತಿಬೇಲಿಯ ಬಾಗಿಲಿಗೆ ಒಯ್ದು ಇಳಿಸುವುದು ಅವರ ಕೆಲಸ. ಮೂಟೆ ಹೊರಲು ಬರುತ್ತಿದ್ದ ಕೈದಿಗಳಲ್ಲಿ ಆಲ್ದೊ ಎಂಬವನೊಬ್ಬ, ಫ್ಲಾರೆನ್ಸಿನಲ್ಲಿ ಅಪ್ಪನ ಕಾಲದಿಂದ ಮೆಟ್ಟು ಹೊಲಿಯುವ ಮನೆಯವನು. ಮಾವನ ಬರಿಗಾಲು, ಒಡೆದ ಹಿಮ್ಮಡಿ ನೋಡಿ, ಒಂದು ದಿನ ನೆಲದ ಮೇಲೆ ಕೂತು ಕಡ್ಡಿಯಲ್ಲಿ ಪಾದದ ಅಳತೆ ತೆಗೆದುಕೊಂಡ. ಹರಿದ ಬೂಟುಗಳ ಚರ್ಮ ಕುಯ್ದು ಒಂದು ಜೊತೆ ಮೆಟ್ಟು ಹೊಲಿದು ಕೊಟ್ಟ. ಮಾವ ಹುಟ್ಟಿದ ಮೇಲೆ ಕಾಲಿಗೆ ಹಾಕಿದ ಮೊದಲ ಮೆಟ್ಟು ಅದು.

"ಸುಮ್ನೆ ಈಸ್ಕೊಳಾಕಾಯ್ತದಾ? ನಮ್ಮನೇಗೆ ಉಣ್ಣಾಕೆ ಬಾ, ಹಿಟ್ಟೂ ಹಿತಕಿದಬ್ಯಾಳೆ ಸಾರೂ ಇಕ್ತೀನಿ ಅಂದೆ. ಕೈಸನ್ನೇಲೇ ಹೇಳ್ದೆ. ಅರ್ಥ ಆಯ್ತು ಅವ್ನಿಗೆ, ಹೊಟ್ಟೆ ತಟ್ಕೊಂಡು ನಕ್ಕ. ಒಂದೊತ್ತು ಆಚೆ ಬಿಡೋರು ಅವರ್ನ, ಬರ್ಬೋದಾಗಿತ್ತು."

"ಮತ್ತೆ?" ಎಂದೆ.

"ನಮ್ಮವ್ವ ಒಪ್ಲಿಲ್ಲ. ದನ ತಿನ್ನೋನ ಹೊಸ್ಲು ದಾಟಿಸ್ಬ್ಯಾಡ ಅಂದ್ಳು. ಅವ್ವನ್ನ ಒಪ್ಪುಸ್ತೀನಿ ಅಂತ ದಿನ ತಳ್ದೆ. ಅವರೆಕಾಯಿ ಬರ್ಲಿ ಅಂದೆ, ಹಬ್ಬ ಆಗ್ಲಿ ಅಂದೆ. ಅವ್ನು ಬೇಲಿತಾವ ಸಿಕ್ದಾಗೆಲ್ಲ 'ಮುನೀ, ಯಾವಾಗ?' ಅಂತ ಹೊಟ್ಟೆ ತಟ್ಟೋನು. ಒಂದ್ ದಿನ ಬೆಳಿಗ್ಗೆ ಗಾಡಿ ಕಟ್ಕೊಂಡೋದ್ರೆ ಶಿಬಿರ ಖಾಲಿ. ರೈಲಲ್ಲಿ ಊರಿಗೆ ಕಳ್ಸವ್ರೆ ಅಂದ್ರು. ನನ್ ಕಾಲಲ್ಲಿ ಅವನ್ ಮೆಟ್ಟು."

ಮನೆಗೆ ನಡೆದು ಬರುವಾಗ ಆ ಮೆಟ್ಟನ್ನು ಕಳಚಿ ಕೈಯಲ್ಲಿ ಹಿಡಿದುಕೊಂಡರಂತೆ. ಮತ್ತೆ ಚರ್ಮ ಮೆಟ್ಟಲಿಲ್ಲ.

ನಮ್ಮ ಕಡೆ ಸಾಲ ತೀರಿಸದವನಿಗಿಂತ ಉಣ್ಣಲು ಕರೆದು ಎಲೆ ಹಾಕದವನು ಕಡೆ. ಜಲಜಾ ನನ್ನ ಮುಖ ನೋಡಿದಳು. ಅವಳ ಆ ನೋಟ ನನಗೆ ಗೊತ್ತು. ಆಯಿತು, ಹೋಗೋಣ ಎಂದೆ. ಮುಂದೆ ಎರಡು ತಿಂಗಳು ನಮ್ಮ ಮನೆಯಲ್ಲಿ ಯಾರೂ ನೆಟ್ಟಗೆ ಕೂರಲಿಲ್ಲ.

ಮೊದಲು ಆಲ್ದೊ ಇದ್ದಾನೋ ಇಲ್ಲವೋ ತಿಳಿಯಬೇಕು. ನಾನು ಕೆಲಸ ಮಾಡುವ ಗರಾಜಿನ ಮಾಲೀಕ ಡೀನೋ ಇಟಲಿ ಮೂಲದವನು. ಅವನ ತಾಯಿ ಫ್ಲಾರೆನ್ಸಿನ ಕಡೆಯೇ ಹುಟ್ಟಿ ಬೆಳೆದವಳು. ಮುದುಕಿಗೆ ವಿಷಯ ಹೇಳಿದೆ. ಅವಳು ಫ್ಲಾರೆನ್ಸಿನಲ್ಲಿದ್ದ ತನ್ನ ಸೋದರಸಂಬಂಧಿಗೆ ಫೋನು ಹಚ್ಚಿದಳು, ಆ ಸಂಬಂಧಿ ನದಿಯಾಚೆಯ ಕುಶಲಕರ್ಮಿಗಳ ಬೀದಿಯಲ್ಲಿ ವಿಚಾರಿಸಿದಳು. ಉತ್ತರ ಬರುವವರೆಗೂ ಮಾವ ದಿನಾ ಸಂಜೆ ನನ್ನ ಕಾರು ಪಾರ್ಕಿಂಗ್ ಲಾಟಿಗೆ ತಿರುಗುವ ಮೂಲೆಯಲ್ಲೇ ನಿಂತಿರುತ್ತಿದ್ದರು. ಕಾರು ನಿಲ್ಲಿಸುವ ಮೊದಲೇ ಕಿಟಕಿ ತಟ್ಟುವುದು.

"ಸಿಕ್ಕುದ್ನಾ?"

"ಬಾಗಿಲು ತೆಗೆಯೋಕಾದ್ರೂ ಬಿಡು ಮಾವ! ಅದೇನು ಅಬ್ಬಿಗೆರೆನಾ, ಕೂಗಿದ್ರೆ ಓ ಅನ್ನೋಕೆ?"

ಸಿಕ್ಕ. ಬದುಕಿದ್ದ. ಅಂಗಡಿಯನ್ನು ಮಗನಿಗೆ ಬಿಟ್ಟು ಮೇಲಿನ ಮನೆಯಲ್ಲಿ ಕೂತಿದ್ದ. ಡೀನೋನ ತಾಯಿ ಗರಾಜಿಗೇ ಬಂದು, "ಜಾಲಹಳ್ಳಿ ಅಂದ ತಕ್ಷಣ ಆ ಮುದುಕ 'ಮುನಿ?' ಅಂದನಂತೆ" ಎಂದಳು. ನಾನು ಸ್ಪ್ಯಾನರು ಅಲ್ಲೇ ಬಿಸಾಕಿ ಮನೆಗೆ ಓಡಿದೆ. ಮಾವ ಕೇಳಿಸಿಕೊಂಡು, ಹೋಗಿ ದಂಟಿನ ಸೊಪ್ಪಿಗೆ ನೀರು ಹಾಕಿದರು. ಬೆಳಿಗ್ಗೆಯಷ್ಟೇ ಹಾಕಿದ್ದರು.

ಆಮೇಲೆ ಬಿಸಿಲಿನ ಗಲಾಟೆ. ಜುಲೈ ಎಂದ ಕೂಡಲೇ ಟಿಕೆಟ್ಟಿನವಳು ಫ್ಲಾರೆನ್ಸಿನಲ್ಲಿ ಕಲ್ಲೇ ಕಾದು ಕೆಂಡವಾಗುತ್ತದೆ ಎಂದಳು. ಬುದ್ಧಿಯಿರುವವರೆಲ್ಲ ಆ ತಿಂಗಳು ಊರು ಬಿಟ್ಟು ಸಮುದ್ರದ ದಡಕ್ಕೆ ಹೋಗುತ್ತಾರೆ ಎಂದಳು ಡೀನೋನ ತಾಯಿ. ಜಲಜಾ ನರ್ಸಲ್ಲವೆ, ಅಪ್ಪನ ಬಿ.ಪಿ. ನೋಡಿ ನೋಡಿ ತೋಳು ಸವೆಸಿಬಿಟ್ಟಳು. ಅಗಲ ಅಂಚಿನ ಹತ್ತಿ ಟೋಪಿ ತಂದಳು, ಕೊಡೆ ತಂದಳು, ಉಪ್ಪು ಸಕ್ಕರೆ ಬೆರೆಸಿ ಪೊಟ್ಟಣ ಕಟ್ಟಿದಳು.

"ಹನ್ನೊಂದು ಗಂಟೆ ಮೇಲೆ ಆಚೆ ಬರೋ ಹಾಗಿಲ್ಲಪ್ಪಾ. ಬಿಸಿಲು ಇಳಿಯೋವರೆಗೂ ಹೋಟ್ಲಲ್ಲಿ ಮಲಗಿರ್ಬೇಕು."

"ಮೂರ್ ವರ್ಸದಿಂದ ಈ ಮಂಜಿನ ಗವೀಲಿ ಮಲಗೇ ಅವ್ನಿ ಕಣಮ್ಮಿ" ಎಂದು ಮಾವ ಮಂಕಿ ಕ್ಯಾಪು ಎಳೆದುಕೊಂಡರು. "ಬಿಸ್ಲಂತೆ ಬಿಸ್ಲು. ಸುಡ್ಲಿ ಬಿಡು ಒಂದಪ, ಮೂಳೆ ಬೆಚ್ಚಗಾಯ್ತದೆ."

ಊರಿನಿಂದ ಬಂದವರೊಬ್ಬರು ತಂದುಕೊಟ್ಟ ರಾಗಿಹಿಟ್ಟಿನಲ್ಲಿ ಮಾವ ಒಂದು ಪಾಲು ತೆಗೆದು ಬಿಳಿ ಬಟ್ಟೆಯಲ್ಲಿ ಕಟ್ಟಿಟ್ಟರು. ಅದಕ್ಕೆ ಒಣ ಅವರೆಬೇಳೆ, ಸಾರಿನಪುಡಿ, ಮುದ್ದೆ ತೊಳಸುವ ಕೋಲು. ಕೋಲನ್ನು ವಿಮಾನದಲ್ಲಿ ಬಿಡುತ್ತಾರೋ ಇಲ್ಲವೋ ಎಂದು ನನಗೂ ಅವರಿಗೂ ಜಗಳ. ವಾರಕ್ಕೆರಡು ಸಲ ಎಲೆಕ್ಟ್ರಿಕ್ ಒಲೆಯ ಮೇಲೆ ತಾವೇ ಮುದ್ದೆ ಕಟ್ಟಿ ಅಭ್ಯಾಸ ಮಾಡಿದರು, ಏಕೆಂದರೆ ಊರಿನಲ್ಲಿ ಅವರು ಒಲೆಯ ಮುಂದೆ ಕೂತವರಲ್ಲ. ಗಂಟುಗಂಟಾದ ಆ ಮುದ್ದೆಗಳನ್ನೆಲ್ಲ ನುಂಗಿದವನು ನಾನು.

"ಜಲಜಾ ತೊಳಸ್ತಾಳೆ, ನೀನ್ಯಾಕೆ ಒದ್ದಾಡ್ತೀಯ?" ಎಂದರೆ, "ಕರ್ದೋನ್ಯಾರು? ನಾನು. ನನ್ ಕೈಲೇ ಇಕ್ಬೇಕು" ಎಂದರು.

ಜೂನ್ ಕೊನೆಯಲ್ಲಿ ಐರ್ಲೆಂಡಿನ ಹತ್ತಿರ ನಮ್ಮವರೇ ತುಂಬಿದ್ದ ವಿಮಾನ ಸಮುದ್ರಕ್ಕೆ ಬಿತ್ತು. ಟಿ.ವಿ.ಯಲ್ಲಿ ನೀರಿನ ಮೇಲೆ ತೇಲುತ್ತಿದ್ದ ಸಾಮಾನು ತೋರಿಸಿದರು. ಜಲಜಾ ಟಿಕೆಟ್ಟು ರದ್ದು ಮಾಡೋಣವೇ ಎಂದು ಮೆಲ್ಲಗೆ ಕೇಳಿದಳು. ನಾನು ಕಾರಿನ ಎಣ್ಣೆ ಬದಲಾಯಿಸುತ್ತೇನೆಂದು ಕೆಳಗಿಳಿದೆ. ಯಾರ ಮನೆಗೆ ಹೋದರೂ ಅದೇ ಮಾತು. ಮಾವ ಮಾತ್ರ, "ಎಲ್ರೂ ಒಂದೇ ಗಳಿಗೇಲಿ ಹೊರಟಿರ್ತಾರಾ? ಗಳಿಗೆ ನೋಡಿ ಹೊರಡಾನ" ಎಂದರು.

ಗಳಿಗೆ ನೋಡಲು ಹೋಗಿಯೇ ಕೆಟ್ಟೆವು.

ನಮ್ಮ ಟಿಕೆಟ್ಟು ಸೋಮವಾರದ್ದು. "ಸೋಮಾರ ಮೂಡ್ಲುಗೆ ಹೊರಡಂಗಿಲ್ಲ, ಶೂಲೆ ಐತೆ, ಆ ದಿಕ್ಕಿಗೆ ಹೋದೋರ್ಗೆ ಕೇಡು" ಎಂದು ಮಾವ ಪಟ್ಟು ಹಿಡಿದರು. ವಿಮಾನ ಮೂಡಲಿಗೆ ಹೋಗುವುದಿಲ್ಲ, ಉತ್ತರಕ್ಕೆ ಹಿಮದ ಮೇಲೆ ಹೋಗುತ್ತದೆ ಎಂದು ಇಂದು ಗ್ಲೋಬು ತಂದು ಬೆರಳಿನಲ್ಲಿ ಗೆರೆ ಎಳೆದಳು. ಮಾವ ಗ್ಲೋಬನ್ನು ಎರಡು ಸಲ ತಿರುಗಿಸಿದರು.

"ಸೂರ್ಯ ಮೊದ್ಲು ಅಲ್ಲಿ ಹುಟ್ತಾನಾ, ಇಲ್ಲಿ ಹುಟ್ತಾನಾ?"

"ಇಟಲಿ ಫಸ್ಟ್, ತಾತ."

"ಅಂಗಾರೆ ಅದು ಮೂಡ್ಲೇ."

ಟಿಕೆಟ್ಟಿನ ದಿನ ಬದಲಾಯಿಸಲು ಆಗುವುದಿಲ್ಲ. ಆಗ ಜಲಜಾಗೆ ರಘೋತ್ತಮರ ನೆನಪಾಯಿತು. ಮೈಸೂರಿನವರು, ದೊಡ್ಡ ಇಂಜಿನಿಯರು. ಪ್ರತಿ ವರ್ಷ ಊರಿನಿಂದ ಪಂಚಾಂಗ ತರಿಸಿ ಎಲ್ಲರ ನಾಮಕರಣ, ಗೃಹಪ್ರವೇಶಕ್ಕೆ ದಿನ ಹೇಳುವವರು. ಅವರು ಫೋನಿನಲ್ಲೇ ಪುಟ ತಿರುವಿ ನಕ್ಕರು.

"ಇದಕ್ಕೆಲ್ಲ ನಮ್ಮ ಹಿರಿಯರು ದಾರಿ ಮಾಡಿಟ್ಟಿದಾರೆ ಹನುಮಂತರಾಯರೇ. ಪರಸ್ಥಾನ ಇಟ್ಟುಬಿಡಿ. ಭಾನುವಾರ ಬೆಳಿಗ್ಗೆ ಚೆನ್ನಾಗಿದೆ."

ಪರಸ್ಥಾನವೆಂದರೆ, ಹೊರಡುವ ದಿನ ಒಳ್ಳೆಯದಲ್ಲದಿದ್ದರೆ ಅದಕ್ಕೆ ಮುಂಚಿನ ಒಳ್ಳೆಯ ಗಳಿಗೆಯಲ್ಲಿ ಪ್ರಯಾಣದ ಗಂಟೊಂದನ್ನು, ಹೋಗುವ ದಿಕ್ಕಿನಲ್ಲಿರುವ ಬೇರೆಯವರ ಮನೆಗೆ ಸಾಗಿಸಿಬಿಡುವುದು. ಗಂಟು ಹೊರಟರೆ ಮನುಷ್ಯ ಹೊರಟಂತೆ. ಆಮೇಲೆ ಅವನು ಯಾವಾಗ ಹೋದರೂ ದೋಷವಿಲ್ಲ, ದಾರಿಯಲ್ಲಿ ಗಂಟನ್ನು ಎತ್ತಿಕೊಂಡು ಹೋಗಬೇಕು. ಒಂದೇ ನಿಯಮ: ಹೊರಟ ಗಂಟು ಮನೆಗೆ ಮರಳಬಾರದು. ಮಾವನಿಗೆ ಇದು ಗೊತ್ತಿದ್ದದ್ದೇ, ಮುಖ ಅರಳಿತು.

ಆದರೆ ನಮ್ಮ ಮನೆಗೆ ಮೂಡಲಲ್ಲಿ ಇರುವುದು ಫ್ರೀವೇ, ಅದರಾಚೆ ಕೊಲ್ಲಿಯ ಉಪ್ಪುನೀರು. ನೀರು ದಾಟಿದರೆ ಸಿಗುವ ಕನ್ನಡದವರ ಮನೆ ಪ್ಲೆಸೆಂಟನ್ನಿನ ರಘೋತ್ತಮರದೇ. ವಿಮಾನ ನಿಲ್ದಾಣವೋ ನಮ್ಮ ಮಗ್ಗುಲಿಗೇ ಇದೆ. ಗಂಟು ಇಡಲು ಒಮ್ಮೆ ಸೇತುವೆ ದಾಟಿ ಹೋಗಿಬರಬೇಕು, ಎತ್ತಿಕೊಳ್ಳಲು ಇನ್ನೊಮ್ಮೆ ಸೇತುವೆ ದಾಟಿ ಹೋಗಿ, ಬಂದ ದಾರಿಯಲ್ಲೇ ನಿಲ್ದಾಣಕ್ಕೆ ಬರಬೇಕು. "ಮಗ್ಗಲು ಮನೆಗೆ ಹೋಗೋಕೆ ಮಾಗಡಿ ಸುತ್ತಿಸ್ತೀರಲ್ಲ!" ಎಂದು ಕೂಗಾಡಿದೆ. ಜಲಜಾ ಬಾಗಿಲು ಹಾಕಿದಳು, ಅಕ್ಕಪಕ್ಕದವರಿಗೆ ಕೇಳಬಾರದೆಂದು.

ಕೂಗಿದ್ದಷ್ಟೇ ಬಂತು. ಭಾನುವಾರ ಬೆಳಿಗ್ಗೆ ಮಾವ ಸ್ನಾನ ಮಾಡಿ ಹಣೆಗೆ ವಿಭೂತಿ ಹಚ್ಚಿ ಕಾರಿನಲ್ಲಿ ಕೂತರು. ನೀಲಿ ಕ್ಯಾನ್ವಾಸ್ ಚೀಲದಲ್ಲಿ ಹಿಟ್ಟಿನ ಗಂಟು, ಬೇಳೆ, ಕೋಲು. ಹೊರಡುವ ಮುಂಚೆ, "ಪಾಸ್‌ಪೋರ್ಟೂ ಟಿಕೀಟೂ ಹಾಕು" ಎಂದರು. ಯಾಕೆ ಎಂದರೆ, "ಯಾವುದಿಲ್ದಿದ್ರೆ ಹೋಗಾಕಾಗಲ್ವೋ ಅದು ಹೊರಟ್ರೇ ಹೊರಟಂಗೆ. ಬರೀ ಹಿಟ್ ಕಳ್ಸಿ ದೇವರ್ಗೆ ಟೋಪಿ ಹಾಕ್ತೀಯೇನ್ಲಾ?" ಎಂದರು. ನನಗೆ ಅದು ಸರಿಯೆನಿಸಿತು. ನಾಲ್ವರ ಪಾಸ್‌ಪೋರ್ಟೂ ಚೀಲದೊಳಗೆ ಹೋಯಿತು. ರಘೋತ್ತಮರ ಹೆಂಡತಿ ನಿರುಪಮಾ ಚೀಲವನ್ನು ದೇವರ ಕೋಣೆಯಲ್ಲಿಟ್ಟು ಕುಂಕುಮ ಹಚ್ಚಿದರು. "ನಾಳೆ ಮಧ್ಯಾಹ್ನ ಬರ್ತೀವಿ, ಒಳಗೆ ಬರಲ್ಲ, ಬಾಗಿಲಲ್ಲೇ ಕೊಡಿ" ಎಂದೆ.

"ಆಯ್ತು ಆಯ್ತು, ಏನೂ ಯೋಚನೆ ಮಾಡ್ಬೇಡಿ" ಎಂದರು ರಘೋತ್ತಮರು.

ಹಿಂದಿರುಗುವಾಗ ಸೇತುವೆಯ ಮೇಲೆ ಮಾವ ಕಿಟಕಿ ಇಳಿಸಿ ನೀರು ನೋಡುತ್ತಾ ಕೂತಿದ್ದರು. ಅಮೆರಿಕಕ್ಕೆ ಬಂದ ಮೇಲೆ ಅವರ ಕಾಲು ಆಡದೆ ಸುಮ್ಮನಿದ್ದದ್ದನ್ನು ನಾನು ಕಂಡದ್ದು ಅದೊಂದೇ ಸಲ. "ನಾನಾಗ್ಲೇ ಹೊರಟಾಯ್ತು ಕಣ್ಲಾ. ಈಗ ನೀನು ಕರ್ಕೊಂಡೋಗ್ತಿರೋದು ಬರೀ ಮೈನ" ಎಂದು ನಕ್ಕರು.

ಸೋಮವಾರ ಬೆಳಿಗ್ಗೆ ನಾನು ಹಲ್ಲುಜ್ಜುತ್ತಿದ್ದೆ. ಹೊರಕೋಣೆಯಿಂದ ಮಾವನ ದನಿ ಬಂತು. ಅದು ಕೂಗೂ ಅಲ್ಲ, ಮಾತೂ ಅಲ್ಲ. ಬಾಯಲ್ಲಿ ನೊರೆ ಇಟ್ಟುಕೊಂಡೇ ಓಡಿದೆ. ಊಟದ ಮೇಜಿನ ಮೇಲೆ ನೀಲಿ ಕ್ಯಾನ್ವಾಸ್ ಚೀಲ, ಕುಂಕುಮದ ಬೊಟ್ಟಿನ ಸಮೇತ. ಪಕ್ಕದಲ್ಲಿ ಇಂದು, ಕೈಯಲ್ಲಿ ಹಾಲಿನ ಬಟ್ಟಲು.

"ಇಟ್ ವಾಸ್ ಆನ್ ದ ಮ್ಯಾಟ್" ಎಂದಳು. "ಹೊರಗೆ ಇತ್ತು. ನಾನು ಒಳಗೆ ತಂದೆ. ಪಾಸ್‌ಪೋರ್ಟ್ ಇದೆಯಲ್ಲ, ಯಾರಾದ್ರೂ ತಗೊಂಡು ಹೋದ್ರೆ?"

ಮಗುವಿನ ಮೇಲೆ ಕೈ ಎತ್ತಲಿಲ್ಲ, ಅಷ್ಟು ಪುಣ್ಯ. ರಘೋತ್ತಮರ ಆಫೀಸಿಗೆ ಫೋನು ಮಾಡಿದೆ, ಇಲ್ಲ ಎಂದರು. ಮನೆಗೆ ಮಾಡಿದರೆ ನಿರುಪಮಾ, ಇವತ್ತು ಸ್ಯಾನ್ ಮಟಿಯೋದಲ್ಲೇ ಮೀಟಿಂಗು ಎಂದು ಅಲ್ಲಿಯ ನಂಬರು ಕೊಟ್ಟರು. ಮೀಟಿಂಗಿನಿಂದ ಎಬ್ಬಿಸಿ ಕರೆಸಿದೆ.

"ಏನ್ರೀ ಇದು? ಚೀಲ ಯಾಕ್ರೀ ವಾಪಸ್ ತಂದ್ರಿ?"

"ಓ, ಸಿಕ್ತಾ? ನೀವು ಮಲಗಿರ್ತೀರಿ ಅಂತ ಬೆಲ್ ಹೊಡೀಲಿಲ್ಲ. ಹೇಗೂ ಈ ಕಡೆ ಬರ್ತಿದ್ನಲ್ಲ, ನಿಮಗೆ ಸೇತುವೆ ಟ್ರಾಫಿಕ್ಕು ಉಳಿಸೋಣ ಅಂತ ತಂದೆ. ಅಲ್ದೆ ನಾಲ್ಕು ಪಾಸ್‌ಪೋರ್ಟು ನಮ್ಮನೇಲಿ ಇದೆ ಅಂತ ನನಗೆ ರಾತ್ರಿಯೆಲ್ಲ ನಿದ್ದೆ ಇಲ್ಲ."

"ಹೊರಟ ಗಂಟು ಮನೆಗೆ ಬರಬಾರದು ಅಂತ ನಿಮಗೆ ಗೊತ್ತಿಲ್ವೇನ್ರೀ? ಪಂಚಾಂಗ ಇಟ್ಕೊಂಡಿರೋದು ಯಾರು, ನಾನಾ?"

"ಶಾಸ್ತ್ರಕ್ಕೆ ಅಂತ ಒಂದು ರಾತ್ರಿ ಇದ್ದದ್ದಾಯ್ತಲ್ಲ! ನಾನು ಹೊಸ್ತಿಲ ಆಚೇನೇ ಇಟ್ಟಿದ್ದು. ಒಳಗೆ ತಂದಿದ್ದು ನಿಮ್ಮವರೇ ತಾನೆ? ಪರಿಹಾರ ಇದೆ, ಒಂದು ತೆಂಗಿನಕಾಯಿ ಒಡೆದು..."

ಫೋನನ್ನು ಕುಕ್ಕಿದ ರಭಸಕ್ಕೆ ಅದರ ಮೂಲೆ ಒಡೆಯಿತು. ಈಗಲೂ ಟೇಪು ಸುತ್ತಿದೆ.

ಮಾವ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದರು. 

"ನಾನು ಬರಲ್ಲ."

"ಮಾವ, ಚೀಲಾನ ಈಗ್ಲೇ ಡೀನೋ ಗರಾಜಲ್ಲಿ ಇಟ್ಟು ಬರ್ತೀನಿ. ಹೋಗ್ತಾ ಎತ್ಕೊಂಡು ಹೋಗಾಣ."

"ಬಂದ್ ಗಂಟು ಇನ್ನೊಂದಪ ಹೊರಡಲ್ಲ ಕಣ್ಲಾ. ನಮ್ ಗುರಪ್ಪಣ್ಣ ಕೋಲಾರದ ಗಣಿಗೆ ಹೋದಾಗ ಪರಸ್ಥಾನ ಇಟ್ಟಿದ್ದು ಪಕ್ಕದ್ ಮನೇಲಿ. ಅವರ್ ಹುಡ್ಗ ತಿಳೀದೆ ತಂದು ನಮ್ ಜಗಲಿ ಮ್ಯಾಗೆ ಇಟ್ಟ. ಅಣ್ಣ ನಕ್ಕೊಂಡೇ ಹೋದ. ಸುರಂಗದಿಂದ ಮೇಲಕ್ ಬರ್ಲಿಲ್ಲ."

"ಅದು ಗಣಿ! ಇದು ಮುದ್ದೆ ಉಣ್ಸೋ ಕೆಲಸ! ನಲವತ್ತು ವರ್ಷ ಒದ್ದಾಡಿದ್ದೀಯ, ಅವನು ಅಲ್ಲಿ ಕುರ್ಚಿ ಹಾಕ್ಕೊಂಡು ಕಾಯ್ತವ್ನೆ, ಇವತ್ತು ಒಂದು ಚೀಲಕ್ಕೆ..." ಮ್ಯಾನೇಜರ್ ಹೆಂಗಸು ಕಿಟಕಿಯಿಂದ ಇಣುಕಿದಳು.

"ಕೂಗು. ಕೂಗಿದ್ರೆ ಅದು ವಾಪಸ್ ಪ್ಲೆಸೆಂಟನ್ಗೆ ಓಯ್ತದಾ? ನಂಗೇನಾರ ಆದ್ರೆ ಆಗ್ಲಿ, ವಯಸ್ಸಾಗೈತೆ. ಆ ಮಗೀನೂ ಅದೇ ವಿಮಾನದಾಗೆ ಕೂತ್ಕಂತದಲ್ಲ? ಹೋದ್ ತಿಂಗಳು ನೀರಿನ್ ಮ್ಯಾಗೆ ಮಕ್ಳ ಬಟ್ಟೆ ತೇಲ್ತಿತ್ತು. ನೀನೂ ನೋಡ್ದೆ."

ಜಲಜಾ ಬಂದು ಅಪ್ಪನ ಪಕ್ಕ ಕೂತು ಅತ್ತಳು. ಇಂದು, "ಐ ಆಮ್ ಸಾರಿ, ತಾತ, ಇಟ್ಸ್ ಮೈ ಫಾಲ್ಟ್" ಎನ್ನುತ್ತಾ ಬಾಗಿಲಲ್ಲೇ ನಿಂತಿದ್ದಳು. ಮಾವ ಅವಳನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡರು, ಹನ್ನೆರಡು ವರ್ಷದ ಉದ್ದನೆಯ ಹುಡುಗಿಯನ್ನು.

ಕೊನೆಗೆ ಅವರೇ ತೀರ್ಮಾನ ಹೇಳಿದರು. ಪರಸ್ಥಾನ ಇಟ್ಟವರು ತಾವು, ಗಂಟು ತಮ್ಮದು, ದೋಷ ತಮ್ಮದು. ತಾವೂ ತಮ್ಮ ಗಂಟೂ ಜೊತೆಗಿಲ್ಲದಿದ್ದರೆ ಉಳಿದವರಿಗೆ ಏನೂ ಇಲ್ಲ. ನೀವು ಮೂವರೂ ಹೋಗಿಬನ್ನಿ. ಅವರನ್ನು ಒಂಟಿಯಾಗಿ ಬಿಡಲಾಗದೆ ನಾನು ಉಳಿದೆ. ಬಿಸಿಲಿಗೆಂದು ಕೊಂಡಿದ್ದ ನನ್ನ ಹತ್ತಿ ಅಂಗಿ ಪೆಟ್ಟಿಗೆಯಿಂದ ಹೊರಗೆ ಬಂತು. ಮಾವ ಚೀಲ ಬಿಚ್ಚಿ ಪಾಸ್‌ಪೋರ್ಟುಗಳನ್ನು ಮಗಳ ಕೈಗೆ ಕೊಟ್ಟು, ಹಿಟ್ಟಿನ ಗಂಟನ್ನು ತಮ್ಮ ಹಾಸಿಗೆಯ ಕೆಳಗೆ ತಳ್ಳಿದರು.

ನಿಲ್ದಾಣದಲ್ಲಿ ಜಲಜಾ ನನ್ನ ಕಿವಿಯಲ್ಲಿ ಹೇಳಿದಳು: "ಅಡುಗೆಮನೆ ಡಬ್ಬೀಲಿದ್ದ ಹಿಟ್ಟು ತಗೊಂಡಿದೀನಿ ರೀ. ಅಪ್ಪನಿಗೆ ಹೇಳ್ಬೇಡಿ. ಅವರ ಹೆಸರಲ್ಲಿ ನಾನೇ ಬಡಿಸ್ತೀನಿ."

ವಿಮಾನ ಮುಟ್ಟಿತೆಂದು ತಿಳಿಯುವವರೆಗೆ ನಾವು ಇಬ್ಬರೂ ಪಾರ್ಕಿಂಗ್ ಲಾಟಿನಲ್ಲಿ ಸುತ್ತಿದೆವು, ಅವರು ಒಂದು ದಿಕ್ಕಿನಲ್ಲಿ, ನಾನು ಇನ್ನೊಂದು ದಿಕ್ಕಿನಲ್ಲಿ. ಮೊದಲ ಫೋನು ರೋಮಿನಿಂದ ಬಂತು, ಎರಡನೆಯದು ಫ್ಲಾರೆನ್ಸಿನಿಂದ. ಜಲಜಾ ಗಟ್ಟಿಯಾಗಿ ಕೂಗುತ್ತಿದ್ದಳು: ಬೆಂಕಿಯಂಥ ಬಿಸಿಲು, ಇಂದುವಿನ ಮೂಗು ಸುಲಿದಿದೆ, ಆಲ್ದೊ ಮನೆಯಲ್ಲಿ ಕಿಟಕಿಗಳನ್ನೆಲ್ಲ ಮುಚ್ಚಿ ಕತ್ತಲು ಮಾಡಿಕೊಂಡು ಕೂತಿದ್ದರು, ಮೇಜಿಗೆ ಅಪ್ಪನದೂ ಸೇರಿಸಿ ಕುರ್ಚಿ ಹಾಕಿದ್ದರು. ಮುನಿ ಎಲ್ಲಿ, ಮುನಿ ಎಲ್ಲಿ ಎಂದು ಕೇಳುತ್ತಲೇ ಇದ್ದರು. ಮುದ್ದೆ ಮಾಡಿ ಬಡಿಸಿದೆ ಎಂದಳು.

ನಾನು ಫೋನನ್ನು ಮಾವನ ಕೈಗೆ ಕೊಟ್ಟೆ. ಪಕ್ಕದಲ್ಲೇ ನಿಂತಿದ್ದರಿಂದ ಎರಡೂ ಕಡೆಯ ಮಾತು ಕೇಳಿಸಿತು.

"ಉಂಡ್ನಾ?"

"ಉಂಡ್ರು ಅಪ್ಪಾ. ಫೋರ್ಕಲ್ಲಿ ತಿಂದ್ರು."

"ಅಗಿದ್ನಾ?"

"...ಅಗಿದ್ರು."

"ಮುದ್ದೆ ಅಗೀಬಾರ್ದು, ನುಂಗ್ಬೇಕು ಅಂತ ಹೇಳ್ಕೊಡೋರು ಯಾರಿದ್ರು ಅಲ್ಲಿ? ನಾನಿರ್ಬೇಕಾಗಿತ್ತು" ಎಂದು ಫೋನು ಕೆಳಗಿಟ್ಟರು. ಮಗಳ ಮೇಲೆ ಸಿಟ್ಟಿರಲಿಲ್ಲ. ಆದರೆ ಕೆಲಸ ಆಯಿತೆಂದು ಒಪ್ಪಲೂ ಇಲ್ಲ. "ಕರ್ದೋನು ನಾನು, ಇಕ್ಕಿದ್ದು ಅವ್ಳು. ಅವ್ಳಿಗೆ ಪುಣ್ಯ ಬಂತು. ನನ್ ಬಾಕಿ ನಂತಾವೇ ಐತೆ."

ಊರಿಗೂ ಹೋಗಿ ಆಗಸ್ಟಿನಲ್ಲಿ ಅವರಿಬ್ಬರು ಹಿಂದಿರುಗಿದಾಗ ಜಲಜಾ ಪೆಟ್ಟಿಗೆಯಿಂದ ಒಂದು ಪೊಟ್ಟಣ ತೆಗೆದಳು. ಒಂದು ಜೊತೆ ಚರ್ಮದ ಮೆಟ್ಟು, ಜೇನಿನ ಬಣ್ಣ, ಹೊಲಿಗೆ ಹಾಕಿದ ಕೈ ನಡುಗಿದ್ದು ದಾರದಲ್ಲಿ ಕಾಣುತ್ತಿತ್ತು. ನಲವತ್ತು ವರ್ಷದ ಹಿಂದಿನ ಪಾದದ ಅಳತೆ ಆ ಮುದುಕನಿಗೆ ನೆನಪಿತ್ತಂತೆ. ಬೆರಳನ್ನು ಗಾಳಿಯಲ್ಲಿ ಆಡಿಸಿ ತೋರಿಸಿ, ಮಗನನ್ನು ಎಬ್ಬಿಸಿ ತಾನೇ ಕೂತು ಹೊಲಿದನಂತೆ.

ಮಾವ ಅವನ್ನು ತಿರುಗಿಸಿ ನೋಡಿದರು. ಮೂಸಿದರು.

"ತೀರುಸ್ತೀನಿ ಅಂತ ಹೋಗಿ ಇನ್ನೊಂದು ಹೊರೆ ಹೊತ್ಕೊಂಡು ಬಂದ್ಯಲ್ಲೇ ತಾಯಿ" ಎಂದರು.

ಮುಂದಿನ ಬೇಸಿಗೆಗೆ ನಾನೇ ಕರೆದುಕೊಂಡು ಹೋಗುತ್ತೇನೆ ಎಂದು ಅವರ ಮುಂದೆ ಮಾತು ಕೊಟ್ಟೆ. ಆ ವರ್ಷದ ಕೊನೆಯಲ್ಲಿ ರೋಮಿನ ವಿಮಾನ ನಿಲ್ದಾಣದಲ್ಲಿ ಗುಂಡು ಹಾರಿಸಿ ಜನರನ್ನು ಕೊಂದರು, ಜಲಜಾ ಬೇಡವೆಂದಳು. ಎಂಬತ್ತೇಳರ ಬೇಸಿಗೆಯಲ್ಲಿ ಮಾವನ ಕಣ್ಣಿನ ಆಪರೇಷನ್ನು. ಅದರ ಮುಂದಿನ ವರ್ಷ ಡೀನೋ ಗರಾಜನ್ನು ಹೊಸ ಜಾಗಕ್ಕೆ ಎತ್ತಿದ, ನನಗೆ ರಜ ಸಿಗಲಿಲ್ಲ. ಪ್ರತಿ ಸಲವೂ ಮಾವ ಹಾಸಿಗೆಯ ಕೆಳಗಿನ ಹಳೆಯ ಹಿಟ್ಟನ್ನು ಹಕ್ಕಿಗಳಿಗೆ ಚೆಲ್ಲಿ, ಹೊಸ ಹಿಟ್ಟು ಕಟ್ಟಿಡುತ್ತಿದ್ದರು. ಕಳೆದ ಚಳಿಗಾಲದಲ್ಲಿ ಡೀನೋನ ತಾಯಿ ಕೋಲೂರಿಕೊಂಡು ಗರಾಜಿಗೆ ಬಂದಳು. ಅವಳ ಮುಖ ನೋಡಿಯೇ ತಿಳಿಯಿತು. ಆಲ್ದೊ ಹೋಗಿಬಿಟ್ಟಿದ್ದ.

ಮನೆಗೆ ಬಂದು ಹೇಳಿದಾಗ ಮಾವ ಒಲೆಯ ಮುಂದೆ ಮುದ್ದೆ ತೊಳಸುತ್ತಿದ್ದರು. ಕೋಲು ನಿಲ್ಲಿಸಲಿಲ್ಲ. ಈಗ ಅವರು ಕಟ್ಟುವ ಮುದ್ದೆಯಲ್ಲಿ ಒಂದು ಗಂಟೂ ಇರುವುದಿಲ್ಲ.

ಈ ಸಲ ಮಹಾಲಯ ಅಮಾವಾಸ್ಯೆಗೆ ಅತ್ತೆಗೆ, ನಮ್ಮ ಅವ್ವ ಅಪ್ಪನಿಗೆ ಎಡೆ ಇಡುವಾಗ, ಜಲಜಾ ಇನ್ನೊಂದು ಎಲೆ ತಂದಳು. ನಾನು ಹೇಳಿದೆ:

"ಮಾವ, ಆಲ್ದೊಗೂ ಒಂದು ಎಡೆ ಇಟ್ಟುಬಿಡು. ನಿನ್ ಕೈಲೇ ಇಡು. ತೀರೋಯ್ತದೆ."

ಅವರು ಆ ಎಲೆಯನ್ನು ಎತ್ತಿ ಒರೆಸಿ ಮಡಿಸಿ ಬದಿಗಿಟ್ಟರು.

"ಎಡೆ ಸತ್ತೋರ್ಗೆ ಇಡೋದು. ನಾನು ಕರ್ದಾಗ ಅವ್ನು ಬದುಕಿದ್ದ ಕಣ್ಲಾ. ಹೊಟ್ಟೆ ತಟ್ಕೊಂಡು ನಗ್ತಿದ್ದ."

ಊಟವಾದ ಮೇಲೆ ಎಂದಿನಂತೆ ಮಂಕಿ ಕ್ಯಾಪು ಹಾಕಿಕೊಂಡು ಕೆಳಗಿಳಿದರು. ಬಾಗಿಲ ಪಕ್ಕದ ಹಲಗೆಯ ಮೇಲೆ ಆ ಜೇನುಬಣ್ಣದ ಮೆಟ್ಟು ಇವೆ. ತಿಂಗಳಿಗೊಮ್ಮೆ ಎಣ್ಣೆ ಒರೆಸುತ್ತಾರೆ, ಕಾಲಿಗೆ ಹಾಕುವುದಿಲ್ಲ. ಕಿಟಕಿಯಿಂದ ನೋಡಿದೆ. ರಬ್ಬರ್ ಚಪ್ಪಲಿ ಮೆಟ್ಟಿಕೊಂಡು, ಕೈ ಹಿಂದೆ ಕಟ್ಟಿ, ಮಂಜಿನಲ್ಲಿ ಸುತ್ತು ಹಾಕುತ್ತಿದ್ದರು.